ಮಾವನ ಜೀಪು, ನನ್ನ ನೋಟ್‌ಬುಕ್ಕು

ಅತ್ತೆಯ ಕೈ ಮುರಿದ ದಿನದಿಂದ ನಮ್ಮ ಮನೆಯಲ್ಲಿ ಜೀಪಿನ ಮಾತು ಶುರುವಾಯಿತು. ಅದಕ್ಕೂ ಮೊದಲು ಯಾರೂ ಅದರ ಬಗ್ಗೆ ಮಾತನಾಡುತ್ತಿರಲಿಲ್ಲ. ಅಂಗಳದಲ್ಲಿ ಹುಣಸೆ ಮರ ಇರುವ ಹಾಗೆ ಜೀಪೂ ಇತ್ತು.

2023ರ ಸೆಪ್ಟೆಂಬರ್. ತುಮಕೂರಿನಲ್ಲಿ ಅತ್ತೆಯ ಕಣ್ಣು ತೋರಿಸಿಕೊಂಡು ವಾಪಸು ಬರುತ್ತಿದ್ದೆವು. ನಮ್ಮವರು ಓಡಿಸುತ್ತಿದ್ದರು, ಪಕ್ಕದಲ್ಲಿ ನೆಂಟರೊಬ್ಬರು ಕುಳಿತಿದ್ದರು. ಹಿಂದೆ ಎದುರು ಬದುರಾಗಿರುವ ಎರಡು ಬೆಂಚುಗಳಲ್ಲಿ ಅತ್ತೆ, ನಾನು ಮತ್ತು ಇಬ್ಬರು ಮಕ್ಕಳು. ಗಂಡಸರು ಮುಂದೆ, ಹೆಂಗಸರು ಮಕ್ಕಳು ಹಿಂದೆ ಎಂಬುದು ಜೀಪಿರುವ ಎಲ್ಲಾ ಮನೆಗಳ ಅಲಿಖಿತ ಕಾನೂನು. ಗುಬ್ಬಿ ದಾಟಿ ನಮ್ಮೂರ ರಸ್ತೆಗೆ ತಿರುಗಿದ ಮೇಲೆ ಕುರಿ ಹಿಂಡೊಂದು ಅಡ್ಡ ಬಂತು. ನಮ್ಮವರು ಬ್ರೇಕ್ ತುಳಿದರು. ಪೆಡಲು ಮೆತ್ತಗೆ ನೆಲಕ್ಕೆ ಇಳಿದುಹೋಯಿತು. ಗೇರು ಇಳಿಸಿ, ಕೈಬ್ರೇಕ್ ಎಳೆದು, ಜೀಪನ್ನು ರಸ್ತೆ ಬದಿಯ ಮಣ್ಣಿನ ದಿಬ್ಬಕ್ಕೆ ಹತ್ತಿಸಿ ನಿಲ್ಲಿಸಿದರು. ಕುರಿಗಳಿಗೇನೂ ಆಗಲಿಲ್ಲ. ಹಿಂದೆ ನಾವೆಲ್ಲಾ ಒಬ್ಬರ ಮೇಲೊಬ್ಬರು ಜಾರಿದೆವು. ಅತ್ತೆ ಬೀಳುವಾಗ ಕೈ ಊರಿದರು. ಮಣಿಕಟ್ಟಿನ ಮೂಳೆ ಮುರಿಯಿತು.

ಅಲ್ಲಾಹನ ಕೃಪೆಯಿಂದ ಅಷ್ಟಕ್ಕೇ ಮುಗಿಯಿತು. ತಪ್ಪು ಜೀಪಿನದ್ದೂ ಅಲ್ಲ, ಮೆಕ್ಯಾನಿಕ್‌ನದ್ದೂ ಅಲ್ಲ. ಹಿಂದಿನ ಚಕ್ರದ ಬ್ರೇಕ್ ಸಿಲಿಂಡರ್ ವಾರಗಳಿಂದ ಸೋರುತ್ತಿತ್ತು. "ಆಮೇಲೆ ನೋಡೋಣ" ಎಂದು ಬ್ರೇಕ್ ಆಯಿಲ್ ತುಂಬಿಸಿ ಓಡಿಸುತ್ತಿದ್ದವರು ನಾವೇ.

ನಮ್ಮದು ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರ ಹೋಬಳಿ. ತೆಂಗು, ಸ್ವಲ್ಪ ಅಡಿಕೆ, ಎರಡು ಹಸು. ತೋಟ ಕೆರೆಯಾಚೆ ಇದೆ. ಅಲ್ಲಿಗೆ ಹೋಗುವ ದಾರಿ ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಕೆಂಪು ಕೆಸರು. ಮರ್ಹೂಮ್ ಮಾವ ಈ ಜೀಪನ್ನು 2001ರಲ್ಲಿ ಮೂಡಿಗೆರೆ ಕಡೆಯ ಕಾಫಿ ತೋಟದವರಿಂದ ಕೊಂಡಿದ್ದರು. 1994ರಲ್ಲಿ ನೋಂದಣಿಯಾದ ಮಹೀಂದ್ರಾ ಎಂಎಂ 540. ನಂಬರು ಇಂದಿಗೂ ಚಿಕ್ಕಮಗಳೂರಿನ ಕೆಎ 18ರದ್ದೇ. ಒಳಗಿರುವುದು ಫ್ರಾನ್ಸಿನ ಪ್ಯೂಜೋ ವಿನ್ಯಾಸದ 2,112 ಸಿಸಿ ಡೀಸೆಲ್ ಎಂಜಿನ್. ಮಾವ ಅದನ್ನು ಮನೆಯವರಂತೆಯೇ ನೋಡಿಕೊಂಡರು. ಅವರ ಜನಾಝದ ದಿನ ದೂರದ ನೆಂಟರನ್ನು ಗುಬ್ಬಿ ರೈಲು ನಿಲ್ದಾಣದಿಂದ ಕರೆತಂದದ್ದೂ ಅದೇ ಜೀಪು.

ಜೀಪಿನಲ್ಲಿ ವರ್ಷಗಟ್ಟಲೆ ಕುಳಿತ ನಮ್ಮಂಥ ಹೆಂಗಸರಿಗೆ ಅದರ ಒಳಗುಟ್ಟನ್ನು ಯಾರೂ ಹೇಳುವುದಿಲ್ಲ. ನಾನು ಕೇಳಿ ತಿಳಿದುಕೊಂಡೆ. ಸಾಮಾನ್ಯ ಕಾರಿನಲ್ಲಿ ಎಂಜಿನ್ ಎರಡೇ ಚಕ್ರಗಳನ್ನು ತಿರುಗಿಸುತ್ತದೆ. ಕೆಸರಿನಲ್ಲಿ ಆ ಎರಡೂ ಸುಮ್ಮನೆ ಗಿರ್ರೆಂದು ಸುತ್ತಿ ಇನ್ನಷ್ಟು ಹೂತುಕೊಳ್ಳುತ್ತವೆ. ಜೀಪಿನಲ್ಲಿ ಗೇರಿನ ಪಕ್ಕದಲ್ಲಿರುವ ಇನ್ನೊಂದು ಲಿವರ್ ಎಳೆದರೆ ಮುಂದಿನ ಚಕ್ರಗಳಿಗೂ ಬಲ ಸಿಗುತ್ತದೆ. ಅದನ್ನೇ ಫೋರ್ ವೀಲ್ ಎನ್ನುವುದು. ಇನ್ನೂ ಕೆಳಗಿನ ಹಂತಕ್ಕೆ ಹಾಕಿದರೆ ವೇಗ ಕಡಿಮೆಯಾಗಿ ಎಳೆಯುವ ಶಕ್ತಿ ಹೆಚ್ಚುತ್ತದೆ, ಜೋಡಿ ಎತ್ತು ಏರು ಹತ್ತುವ ಹಾಗೆ. 2022ರ ಮಳೆಗಾಲದಲ್ಲಿ ಜಿಲ್ಲೆಯ ಕೆರೆಗಳು ಕೋಡಿ ಬಿದ್ದಾಗ ನಮ್ಮ ತೋಟದ ದಾರಿಯಲ್ಲಿ ಟ್ರ್ಯಾಕ್ಟರ್ ಬಿಟ್ಟರೆ ನಡೆದದ್ದು ಈ ಜೀಪೊಂದೇ. ಹಸುಗಳಿಗೆ ಮೇವು ತಂದದ್ದೂ ಅದೇ.

ಜೀಪಿನ ಹೆಸರಿನ ಹಿಂದೆ ಒಂದು ಕತೆ ಇದೆ, ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ಅದು ಹೊಸದಿರಬಹುದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ವಿಲ್ಲೀಸ್ ಮತ್ತು ಫೋರ್ಡ್ ಕಂಪೆನಿಗಳು ಸೈನ್ಯಕ್ಕಾಗಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಅದೇ ವಿಲ್ಲೀಸ್ ಜೀಪನ್ನು ಭಾರತದಲ್ಲಿ 1940ರ ದಶಕದ ಕೊನೆಗೆ ಜೋಡಿಸತೊಡಗಿದ ಕಂಪೆನಿ ಹುಟ್ಟಿದ್ದು 1945ರಲ್ಲಿ, 'ಮಹೀಂದ್ರಾ ಅಂಡ್ ಮೊಹಮ್ಮದ್' ಎಂಬ ಹೆಸರಿನಲ್ಲಿ. ಆ ಮೊಹಮ್ಮದ್ ಎಂದರೆ ಅಲಿಘರ್‌ನಲ್ಲಿ ಓದಿದ ಮಲಿಕ್ ಗುಲಾಮ್ ಮೊಹಮ್ಮದ್. ವಿಭಜನೆಯಾದಾಗ ಅವರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು, 1951ರಲ್ಲಿ ಗವರ್ನರ್ ಜನರಲ್ ಆದರು. ಇಲ್ಲಿ 1948ರಲ್ಲಿ ಕಂಪೆನಿಯ ಹೆಸರು ಮಹೀಂದ್ರಾ ಅಂಡ್ ಮಹೀಂದ್ರಾ ಎಂದಾಯಿತು. ಎರಡು 'ಎಂ'ಗಳು ಹಾಗೆಯೇ ಉಳಿದವು. ಮಾವನಿಗೆ ಈ ಕತೆ ಹೇಳುವುದೆಂದರೆ ಬಲು ಇಷ್ಟ. ಪ್ರತಿಸಲವೂ ಹೊಸದಾಗಿ ಹೇಳುವಂತೆ ಹೇಳುತ್ತಿದ್ದರು.

ಹೀಗಾಗಿ ಅತ್ತೆಯ ಕೈಗೆ ಪ್ಲಾಸ್ಟರ್ ಬಿದ್ದ ಮೇಲೆ ಮನೆಯಲ್ಲಿ ಎದ್ದ ಪ್ರಶ್ನೆ ಬರೀ ಗಾಡಿಯದ್ದಾಗಿರಲಿಲ್ಲ.

ನಮ್ಮವರ ಮನಸ್ಸಿನಲ್ಲಿ ಇದ್ದದ್ದು ಜೀಪನ್ನೇ ಹೊಸತು ಮಾಡಿಸುವುದು. ಎಂಜಿನ್ ಬಿಚ್ಚಿ ಪಿಸ್ಟನ್, ರಿಂಗು, ಬೇರಿಂಗು ಬದಲಾಯಿಸಿ, ಪಂಪು ನಾಝಲ್ ಸರಿ ಮಾಡಿಸಿ, ಪವರ್ ಸ್ಟೇರಿಂಗ್ ಹಾಕಿಸಿ, ಬಣ್ಣ ಹೊಡೆಸಬೇಕೆಂಬ ಆಸೆ. ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ ಇದ್ದೇ ಇದೆ. ಗುಬ್ಬಿಯ ಮೆಕ್ಯಾನಿಕ್ ಒಬ್ಬರು ಒಂದು ಲಕ್ಷದ ಅಂದಾಜು ಕೊಟ್ಟರು. ಆದರೆ ಮನುಷ್ಯ ಪ್ರಾಮಾಣಿಕ. ಎಂಜಿನ್ ಬಿಚ್ಚುವ ಮೊದಲು ಹೊಗೆ ನೋಡಿ ಎಂದರು. ಕಪ್ಪು ಹೊಗೆ ಬಂದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಏರ್ ಫಿಲ್ಟರ್, ನಾಝಲ್ ನೋಡಿದರೆ ಸಾಕಾಗಬಹುದು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ, ಅದು ದೊಡ್ಡ ಖರ್ಚಿನ ಸೂಚನೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಒಳಗೆ ಹೋಗುತ್ತಿರಬಹುದು. ನಮ್ಮದು ಕಪ್ಪು. ಅಂದರೆ ಒಂದು ಲಕ್ಷದ ಕೆಲಸ ಆ ಹೊತ್ತಿಗೆ ಬೇಕೇ ಇರಲಿಲ್ಲ. ಬೇಕಾಗಿದ್ದದ್ದು ಬ್ರೇಕು, ಸ್ಟೇರಿಂಗ್ ಬಾಕ್ಸ್, ಟೈರು. ಹೊಳೆಯುವ ಬಣ್ಣದ ಕೆಳಗೆ ಹಳೆಯ ಬ್ರೇಕು ಉಳಿದರೆ ಅತ್ತೆಯ ಇನ್ನೊಂದು ಕೈಗೂ ಭರವಸೆ ಇಲ್ಲ ಎಂದು ನಾನು ಹೇಳಿದ್ದಕ್ಕೆ ನಮ್ಮವರು ನಗಲಿಲ್ಲ.

ಬೇರೆ ಎಂಜಿನ್ ಕೂರಿಸುವ ಮಾತೂ ಬಂತು. ಹರಿಯಾಣದ ಡಬ್ವಾಲಿ ಕಡೆ ಹಳೆಯ ಜೀಪುಗಳನ್ನು ಗುರುತೇ ಸಿಗದಂತೆ ಮಾರ್ಪಡಿಸಿ ಕೊಡುವುದನ್ನು ಮೈದುನ ಮೊಬೈಲ್‌ನಲ್ಲಿ ತೋರಿಸಿದ. ನೋಡಲು ಚೆಂದ. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ವಿಧಿಯ ಪ್ರಕಾರ ಗಾಡಿ ಕಂಪೆನಿ ಕೊಟ್ಟ ವಿವರಕ್ಕೂ ಆರ್‌ಸಿಗೂ ವ್ಯತ್ಯಾಸವಾಗುವಂತೆ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಎಂಜಿನ್ ಬದಲಿಸುವುದಕ್ಕೆ ಆರ್‌ಟಿಒ ಒಪ್ಪಿಗೆ ಬೇಕು. ಇಲ್ಲದಿದ್ದರೆ ಅಪಘಾತವಾದಾಗ ವಿಮೆಯವರು ಮೊದಲು ಕೇಳುವುದು ಅದನ್ನೇ.

ಮೈದುನ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಅವನದು ಒಂದೇ ಮಾತು. ಹಳೇ ಕಬ್ಬಿಣ ಮಾರಿ, ಹೊಸ ಥಾರ್ ತನ್ನಿ. ಅವನ ಮಾತಿನಲ್ಲಿ ಸತ್ಯವಿಲ್ಲದೆ ಇರಲಿಲ್ಲ. 2020ರ ಅಕ್ಟೋಬರ್‌ನಲ್ಲಿ ಬಂದ ಹೊಸ ಥಾರ್‌ನಲ್ಲಿ ಎರಡು ಏರ್‌ಬ್ಯಾಗು, ಎಬಿಎಸ್ ಬ್ರೇಕು ಇವೆ. ಹಿಂದಿನ ಸೀಟು ಮುಂದಕ್ಕೆ ಮುಖ ಮಾಡಿರುವ ಮಾದರಿಗೆ ಗ್ಲೋಬಲ್ ಎನ್‌ಸಿಎಪಿ ಸಂಸ್ಥೆಯ ಡಿಕ್ಕಿ ಪರೀಕ್ಷೆಯಲ್ಲಿ 4 ನಕ್ಷತ್ರ ಸಿಕ್ಕಿತು. ಗಟ್ಟಿಯಾಗಿ ಕಾಣುವುದೆಲ್ಲಾ ಗಟ್ಟಿಯಲ್ಲ ಎಂಬುದಕ್ಕೆ ಅದೇ ಕಂಪೆನಿಯ ಬೊಲೆರೊ ನಿಯೋ ಉದಾಹರಣೆ. 2024ರಲ್ಲಿ ಅದಕ್ಕೆ ಸಿಕ್ಕಿದ್ದು ಒಂದೇ ನಕ್ಷತ್ರ. ಆದ್ದರಿಂದ ಹೊಸ ಗಾಡಿ ನೋಡಲು ಹೋಗುವ ಸಹೋದರಿಯರು ಬಣ್ಣಕ್ಕಿಂತ ಮೊದಲು ಹಿಂದಿನ ಸೀಟಿನಲ್ಲಿ ಕುಳಿತು ನೋಡಬೇಕು, ಬೆಲ್ಟು ಎಳೆದು ನೋಡಬೇಕು. ಅಲ್ಲಿ ಕೂರುವವರು ನಾವು ತಾನೇ?

ಆದರೆ ಡೀಸೆಲ್ ಫೋರ್ ವೀಲ್ ಥಾರ್ ರಸ್ತೆಗಿಳಿಯುವಷ್ಟರಲ್ಲಿ ಹದಿನೈದು ಲಕ್ಷ ಮೀರುತ್ತದೆ. ಕರ್ನಾಟಕದಲ್ಲಿ 10 ಲಕ್ಷದಿಂದ 20 ಲಕ್ಷದವರೆಗಿನ ಕಾರಿಗೆ ಜೀವಾವಧಿ ತೆರಿಗೆಯೇ ಶೇ. 17, ಅದರ ಮೇಲೆ ಉಪಕರ. ಮೈದುನ ಹತ್ತು ಲಕ್ಷ ಸಾಲದ ಲೆಕ್ಕ ತಂದ. ಶೇ. 9ರ ಬಡ್ಡಿಗೆ ಏಳು ವರ್ಷ, ತಿಂಗಳಿಗೆ ಸುಮಾರು 16 ಸಾವಿರ. ಏಳು ವರ್ಷ ಕಟ್ಟಿದರೆ ಒಟ್ಟು ಹದಿಮೂರೂವರೆ ಲಕ್ಷ. ಬಡ್ಡಿಯೇ ಮೂರೂವರೆ ಲಕ್ಷ. ಅತ್ತೆ ಪ್ಲಾಸ್ಟರ್ ಕೈಯನ್ನು ಮಡಿಲಲ್ಲಿಟ್ಟುಕೊಂಡು, "ಬಡ್ಡಿಯ ಗಾಡಿಯಲ್ಲಿ ನಾನು ಕೂರುವುದಿಲ್ಲ" ಎಂದುಬಿಟ್ಟರು. ಅಲ್ಲಿಗೆ ಸಾಲದ ಮಾತು ಮುಗಿಯಿತು. ನಿಜ ಹೇಳಬೇಕೆಂದರೆ, ಧರ್ಮದ ಮಾತನ್ನು ಪಕ್ಕಕ್ಕಿಟ್ಟರೂ ಆ ಲೆಕ್ಕ ನಿಲ್ಲುತ್ತಿರಲಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇತ್ತು. ತಿಪಟೂರು ಮಾರುಕಟ್ಟೆಯಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದು ರೈತರು ಬೀದಿಗಿಳಿದಿದ್ದರು. ತಿಂಗಳಿಗೆ 16 ಸಾವಿರ ಎಲ್ಲಿಂದ?

ಆಗ ಕಣ್ಣು ನನ್ನ ಚಿನ್ನದ ಮೇಲೆ ಬಿತ್ತು. ಯಾರೂ ಬಾಯಿ ಬಿಟ್ಟು ಕೇಳಲಿಲ್ಲ. "ಚಿನ್ನದ ರೇಟು ಈಗ ಚೆನ್ನಾಗಿದೆ" ಎಂದು ನಮ್ಮವರು ಊಟದ ಹೊತ್ತಿಗೆ ಸುಮ್ಮನೆ ಹೇಳಿದರು, ಅಷ್ಟೇ. ಆ ಬಳೆಗಳು ನನ್ನ ಮಹರ್. ಅವುಗಳ ಮೇಲಿನ ಹಕ್ಕು ನನ್ನೊಬ್ಬಳದು, ಅದು ಅವರಿಗೂ ಗೊತ್ತು. ಮಗಳ ಓದಿಗೋ, ಆಸ್ಪತ್ರೆಗೋ ಬೇಕಾಗಿದ್ದರೆ ನಾನೇ ತೆಗೆದು ಕೊಡುತ್ತಿದ್ದೆ. ಷೋರೂಮಿನ ಬಾಗಿಲು ದಾಟಿದ ಕೂಡಲೇ ಬೆಲೆ ಇಳಿಯುವ ವಸ್ತುವಿಗೆ ಬೆಲೆ ಏರುವ ವಸ್ತುವನ್ನು ಕೊಡಲಾರೆ ಎಂದೆ. ಎರಡು ದಿನ ಮನೆಯಲ್ಲಿ ಮಾತು ಕಡಿಮೆಯಾಯಿತು. ಮೂರನೇ ದಿನ ಅವರೇ ಚಹಾ ತಂದುಕೊಟ್ಟರು.

ನೋಟ್‌ಬುಕ್ ಶುರುವಾದದ್ದು ಆಮೇಲೆ. ಬ್ರೇಕು, ಸ್ಟೇರಿಂಗು, ನಾಲ್ಕು ಟೈರು ಮೊದಲು ಮಾಡಿಸಿ, ಉಳಿದದ್ದನ್ನು ಒಂದು ವರ್ಷ ನೋಡಿ ನಿರ್ಧರಿಸೋಣ ಎಂದು ಒಪ್ಪಿಸಿದೆ. 2023ರ ಅಕ್ಟೋಬರ್ 1ರಿಂದ ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆಯತೊಡಗಿದೆ. ಜೀಪು ಎಲ್ಲಿಗೆ ಹೋಯಿತು, ಯಾರು ಕುಳಿತರು, ಫೋರ್ ವೀಲ್ ಲಿವರ್ ಎಳೆದರೋ ಇಲ್ಲವೋ. ನಮ್ಮವರು ಮೊದಲು ನಕ್ಕರು. ಆಮೇಲೆ ತೋಟದಿಂದ ಬಂದವರೇ "ಇವತ್ತು ಲಿವರ್ ಎಳೆದೆ, ಬರೆದುಕೋ" ಎನ್ನತೊಡಗಿದರು.

ವರ್ಷದ ಕೊನೆಗೆ ಕೂಡಿಸಿದಾಗ ನನಗೇ ಆಶ್ಚರ್ಯವಾಯಿತು. ಜೀಪು ಓಡಿದ್ದು 163 ದಿನ. ಅದರಲ್ಲಿ 118 ದಿನ ತೋಟ, ಮೇವು, ಗೊಬ್ಬರ, ತೆಂಗಿನಕಾಯಿ. ಫೋರ್ ವೀಲ್ ನಿಜವಾಗಿ ಬೇಕಾದದ್ದು 19 ದಿನ. ಮನೆಮಂದಿ ಕುಳಿತು ಗುಬ್ಬಿ, ತುಮಕೂರು, ಕುಣಿಗಲ್ ಎಂದು ಹೋದದ್ದು 45 ದಿನ. ಆ 45ರಲ್ಲಿ ಮೂವತ್ತು ದಿನ ಬಸ್ಸಿಗೇ ಹೋಗಬಹುದಿತ್ತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸಿನಲ್ಲಿ ಅತ್ತೆಗೂ ನನಗೂ ಮಗಳಿಗೂ ಟಿಕೆಟ್ ದುಡ್ಡಿಲ್ಲ. ಹಾಗಿದ್ದೂ ಗುಬ್ಬಿಯಿಂದ ತುಮಕೂರಿಗೆ ಡೀಸೆಲ್ ಸುಟ್ಟು, ಅಡ್ಡ ಬೆಂಚಿನಲ್ಲಿ ಸೊಂಟ ನೋಯಿಸಿಕೊಂಡು ಹೋಗುತ್ತಿದ್ದೆವು.

ಎರಡು ಬೇರೆ ಬೇರೆ ಕೆಲಸಗಳನ್ನು ನಾವು ಒಂದೇ ಗಾಡಿಯ ಮೇಲೆ ಹೊರಿಸಿದ್ದೆವು ಎಂಬುದು ಆಗ ಕಂಡಿತು. ತೋಟದ ಕೆಲಸಕ್ಕೆ ಮಾವನ ಜೀಪು ಸಾಕು, ಥಾರ್‌ನ ಏರ್‌ಬ್ಯಾಗಿಗೆ ಅಲ್ಲಿ ಕೆಲಸವಿಲ್ಲ. ಮನೆಮಂದಿಯ ಪ್ರಯಾಣಕ್ಕೆ ಆ ಜೀಪು ಎಷ್ಟೇ ರಿಪೇರಿ ಮಾಡಿದರೂ ತಕ್ಕದ್ದಲ್ಲ. ಅಡ್ಡ ಬೆಂಚಿಗೆ ಬೆಲ್ಟು ಹಾಕಿಸಿದರೂ ಡಿಕ್ಕಿಯಾದಾಗ ದೇಹ ಪಕ್ಕಕ್ಕೆ ಎಸೆಯಲ್ಪಡುತ್ತದೆ.

ಈ ನಡುವೆ 2024ರ ಜೂನ್‌ನಲ್ಲಿ ಇನ್ನೊಂದು ವಿಷಯ ಎದ್ದಿತು. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ. ಆಮೇಲೆ ಪ್ರತಿ ಐದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕು. 2009, 2014, 2019ರಲ್ಲಿ ಮಾವ ಮಾಡಿಸಿದ್ದರು. 2019ರ ನವೆಂಬರ್‌ನಲ್ಲಿ ಅವರು ತೀರಿಕೊಂಡರು. ಕಾಗದ ತೆಗೆದು ನೋಡಿದರೆ ಆರ್‌ಸಿ ಇನ್ನೂ ಅವರ ಹೆಸರಿನಲ್ಲೇ ಇದೆ! ಮಾಲೀಕರು ತೀರಿಕೊಂಡರೆ ಮೂವತ್ತು ದಿನದೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ಫಾರಂ 31ರಲ್ಲಿ ಅರ್ಜಿ ಹಾಕಿ ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಬೇಕು. ನಾವು ಐದು ವರ್ಷ ಸುಮ್ಮನಿದ್ದೆವು. ಗಂಡನನ್ನು ಕಳೆದುಕೊಂಡ ಎಷ್ಟೋ ಸಹೋದರಿಯರ ಮನೆಯಂಗಳದಲ್ಲಿ ಹೀಗೆ ತೀರಿಹೋದವರ ಹೆಸರಿನ ಸ್ಕೂಟರ್, ಜೀಪು ನಿಂತಿರುತ್ತದೆ. ದಯವಿಟ್ಟು ಇಂದೇ ಆರ್‌ಸಿ ತೆಗೆದು ನೋಡಿ.

ವಾರಸುದಾರರ ಸಹಿ ಬೇಕೆಂದು ನಾದಿನಿಯನ್ನು ಕುಣಿಗಲ್‌ನಿಂದ ಕರೆಸಿದೆವು. ಸಹಿ ಹಾಕುವ ಮೊದಲು ಅವಳು ಪೆನ್ನು ಹಿಡಿದುಕೊಂಡೇ, "ಭಾಯಿ, ಇದರಲ್ಲಿ ನನ್ನ ಪಾಲೆಷ್ಟು?" ಎಂದಳು. ನಗುತ್ತಲೇ ಕೇಳಿದಳು. ಆದರೆ ಎಲ್ಲರೂ ಸುಮ್ಮನಾದರು. ಜೀಪನ್ನು ಮಾರುವುದೋ ರಿಪೇರಿ ಮಾಡುವುದೋ ಎಂದು ಒಂಬತ್ತು ತಿಂಗಳು ವಾದಿಸಿದ ನಮಗೆ ಅದು ಯಾರದ್ದು ಎಂಬ ಪ್ರಶ್ನೆಯೇ ಹೊಳೆದಿರಲಿಲ್ಲ. ಮನೆ, ಜಮೀನು ಎಂದರೆ ವಾರಸು ನೆನಪಾಗುತ್ತದೆ, ಗಾಡಿ ಎಂದರೆ ಓಡಿಸುವವನದ್ದು ಎಂದುಕೊಳ್ಳುತ್ತೇವೆ.

ಬೆಲೆ ತಿಳಿಯಲೆಂದು ನಾಲ್ಕು ಜನರಿಗೆ ಹೇಳಿದೆವು. ಹಳೆಯ ಜೀಪುಗಳ ಹುಚ್ಚಿರುವವರು ಬೆಂಗಳೂರಿನಲ್ಲಿ ಬಹಳ ಜನ ಇದ್ದಾರೆ. ಯುವಕನೊಬ್ಬ ಬಂದು ನೋಡಿ 2,40,000 ಎಂದ. ನಮ್ಮವರ ಮುಖ ಅರಳಿತು. ಅಷ್ಟರಲ್ಲಿ ಅತ್ತೆ ಒಳಗಿನಿಂದ, "ಚಾಸಿ ಬಿರುಕು ಬಿಟ್ಟು ವೆಲ್ಡಿಂಗ್ ಮಾಡಿಸಿದ್ದನ್ನು ಹೇಳಿದಿರಾ?" ಎಂದರು. ಹೇಳಿರಲಿಲ್ಲ. ಕೊಳೆ ಕೆರೆದು ತೋರಿಸಿದೆವು. ಹುಡುಗ ಕೆಳಗೆ ಮಲಗಿ ಟಾರ್ಚ್ ಹಾಕಿ ನೋಡಿ 1,60,000ಕ್ಕೆ ಇಳಿದ. ಮಾಲಿನ ದೋಷ ಮುಚ್ಚಿಟ್ಟು ಮಾರುವುದು ಹಲಾಲ್ ಅಲ್ಲವೆಂದು ನಮಗೆಲ್ಲಾ ಗೊತ್ತು. ಎಂಬತ್ತು ಸಾವಿರ ಕಣ್ಣೆದುರಿಗಿದ್ದಾಗ ಅದನ್ನು ನೆನಪಿಸಲು ಒಬ್ಬರು ಬೇಕಾದರು.

1,60,000ವನ್ನೇ ಬೆಲೆ ಎಂದು ಹಿಡಿದು ಪಾಲು ಲೆಕ್ಕ ಹಾಕಿದೆವು. ಹೆಂಡತಿಯಾದ ಅತ್ತೆಗೆ ಎಂಟನೇ ಒಂದು ಭಾಗ, 20,000. ಉಳಿದ 1,40,000ದಲ್ಲಿ ಮಗಳಿಗೆ ಒಂದು, ಇಬ್ಬರು ಗಂಡುಮಕ್ಕಳಿಗೆ ಎರಡೆರಡು ಪಾಲು. ಅಂದರೆ ನಾದಿನಿಗೆ 28,000, ಅಣ್ಣ ತಮ್ಮಂದಿರಿಗೆ 56,000ದಂತೆ. ಜೀಪನ್ನು ನಾವೇ ಇಟ್ಟುಕೊಂಡು ಉಳಿದವರಿಗೆ ಕೊಡುವುದೆಂದು ನಿರ್ಧಾರವಾಯಿತು. ಅತ್ತೆ ತಮ್ಮ ಪಾಲನ್ನು ಮಗನಿಗೆ ಬಿಟ್ಟುಕೊಟ್ಟರು. ಮೈದುನ "ಆಮೇಲೆ ಕೊಡಿ" ಎಂದ. ನಾದಿನಿ ಬೇಡವೆನ್ನಬಹುದೆಂದು ನಾವೆಲ್ಲಾ ಒಳಗೊಳಗೇ ಎಣಿಸಿದ್ದೆವು. ಅವಳು ಬೇಡ ಎನ್ನಲಿಲ್ಲ. ಎರಡು ಕಂತಿನಲ್ಲಿ ಪಡೆದು ಹೊಲಿಗೆ ಯಂತ್ರ ಕೊಂಡಳು. ಅಪ್ಪನ ಜೀಪಿನ ದುಡ್ಡೆಂದು ಇಂದಿಗೂ ಸಂತೋಷದಿಂದ ಹೇಳುತ್ತಾಳೆ.

ಆರ್‌ಸಿ ನಮ್ಮವರ ಹೆಸರಿಗಾಯಿತು. ಚಾಸಿ ನಂಬರು ಸ್ಪಷ್ಟವಾಗಿ ಕಾಣಬೇಕಾದ್ದರಿಂದ ತುಕ್ಕು ಉಜ್ಜಿ ಪೆನ್ಸಿಲ್‌ನಿಂದ ಅಚ್ಚು ತೆಗೆದು ಕೊಟ್ಟೆವು. 2022ರ ಏಪ್ರಿಲ್‌ನಿಂದ ಕೇಂದ್ರದ ನಿಯಮದಂತೆ ಇಂಥ ಕಾರು ಜೀಪುಗಳ ನವೀಕರಣ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತ್ತು. 2025ರ ಆಗಸ್ಟ್‌ನಲ್ಲಿ 20 ವರ್ಷ ಮೀರಿದವುಗಳಿಗೆ ಅದನ್ನು 10,000 ಮಾಡಿದರು. ವಿಮೆ ಬೇರೆ. 1,500 ಸಿಸಿ ಮೀರಿದ ಖಾಸಗಿ ಗಾಡಿಗೆ ಕಡ್ಡಾಯದ ಥರ್ಡ್ ಪಾರ್ಟಿ ವಿಮೆಗೆ 2022ರಲ್ಲಿ ನಿಗದಿಯಾದ ದರವೇ ವರ್ಷಕ್ಕೆ 7,897 ರೂಪಾಯಿ, ಮೇಲೆ ತೆರಿಗೆ. ಹಳೆಯ ಗಾಡಿ ಇಟ್ಟುಕೊಳ್ಳುವುದು ಪುಕ್ಕಟೆ ಅಲ್ಲ ಎಂಬುದನ್ನು ನೆನಪಿನಲ್ಲಿಡಬೇಕು.

15 ವರ್ಷವಾದ ಗಾಡಿಯನ್ನೆಲ್ಲಾ ಸರ್ಕಾರ ಗುಜರಿಗೆ ಎಳೆದೊಯ್ಯುತ್ತದೆ ಎಂದು ವಾಟ್ಸಾಪ್‌ನಲ್ಲಿ ಬರುವುದನ್ನು ನಂಬಿ ಎಷ್ಟೋ ಮಂದಿ ಅಗ್ಗಕ್ಕೆ ಮಾರಿಬಿಟ್ಟಿದ್ದಾರೆ. ವಯಸ್ಸಿನ ಆ ಕಟ್ಟುನಿಟ್ಟು ದೆಹಲಿ ಸುತ್ತಮುತ್ತಲಿನದ್ದು. ನಮ್ಮಲ್ಲಿ ತಪಾಸಣೆಯಲ್ಲಿ ಪಾಸಾದರೆ ಖಾಸಗಿ ಗಾಡಿ ಓಡಬಹುದು. 2021ರ ಗುಜರಿ ನೀತಿಯಂತೆ ಸ್ವಂತ ಇಚ್ಛೆಯಿಂದ ಅಧಿಕೃತ ಕೇಂದ್ರಕ್ಕೆ ಒಪ್ಪಿಸಿದರೆ ಒಂದು ಪ್ರಮಾಣಪತ್ರ ಸಿಗುತ್ತದೆ. ಅದನ್ನು ತೋರಿಸಿ ಹೊಸ ಖಾಸಗಿ ಗಾಡಿ ಕೊಂಡರೆ ರಾಜ್ಯಗಳು ರಸ್ತೆ ತೆರಿಗೆಯಲ್ಲಿ ಶೇ. 25ರವರೆಗೆ ರಿಯಾಯಿತಿ ಕೊಡಲು ಅವಕಾಶವಿದೆ. ಬೇರೆಯವರಿಗೆ ಮಾರುವುದಾದರೆ ಆರ್‌ಸಿ ವರ್ಗಾವಣೆಯಾಗುವವರೆಗೆ ಬಿಡಬೇಡಿ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ.

2025ರ ಮಧ್ಯದಲ್ಲಿ ತಿಪಟೂರಿನಲ್ಲಿ ಕೊಬ್ಬರಿ ಕ್ವಿಂಟಾಲಿಗೆ 20 ಸಾವಿರ ದಾಟಿತು. ನಮ್ಮ ಅಟ್ಟದಲ್ಲಿ ಸ್ವಲ್ಪ ಉಳಿದಿತ್ತು. ಆ ದುಡ್ಡಿಗೆ ಹಾಲಿನ ದುಡ್ಡು ಸೇರಿಸಿ, ಸಾಲವಿಲ್ಲದೆ, ಒಬ್ಬ ನಿವೃತ್ತ ಮೇಷ್ಟ್ರ ಹತ್ತಿರ ಹಳೆಯ ಸಣ್ಣ ಕಾರೊಂದನ್ನು ಕೊಂಡೆವು. ಮುಂದಕ್ಕೆ ನೋಡುವ ಸೀಟು, ಹಿಂದೆಯೂ ಬೆಲ್ಟು. ಅದೂ ಹಳೆಯದೇ, ಥಾರ್‌ನ ಭದ್ರತೆ ಅದಕ್ಕಿಲ್ಲ ಎಂಬುದು ನನಗೆ ಗೊತ್ತು. ಅದಕ್ಕೇ ದೂರದ ದಾರಿಗೆ, ರಾತ್ರಿ ಪ್ರಯಾಣಕ್ಕೆ ಈಗಲೂ ಬಸ್ಸು, ರೈಲು. ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಗಿ ಗಾಡಿಗಳ ಬೆಲೆ ಇಳಿದಾಗ ಮೈದುನ ಮತ್ತೆ ಫೋನ್ ಮಾಡಿದ. ಸಣ್ಣ ಕಾರುಗಳಿಗೆ ಶೇ. 18, ದೊಡ್ಡ ಎಂಜಿನ್‌ನ ಡೀಸೆಲ್ ಫೋರ್ ವೀಲ್ ಥಾರ್‌ಗೆ ಶೇ. 40. ಅತ್ತೆ ಫೋನ್ ತೆಗೆದುಕೊಂಡು ಅವನ ಮಕ್ಕಳ ಯೋಗಕ್ಷೇಮ ವಿಚಾರಿಸಿದರು.

ಜೀಪಿನ ಹಿಂದಿನ ಬೆಂಚುಗಳನ್ನು ಕಿತ್ತರೆ ಆರ್‌ಸಿಯಲ್ಲಿರುವ ಸೀಟಿನ ಲೆಕ್ಕ ತಪ್ಪುತ್ತದೆಂದು ಮಡಚಿ ಹಗ್ಗ ಕಟ್ಟಿದ್ದೇವೆ. ಅಲ್ಲಿ ಈಗ ಮೇವು, ಗೊಬ್ಬರದ ಚೀಲ, ತೆಂಗಿನಕಾಯಿ. ಬಣ್ಣ ಹೊಡೆಸಿಲ್ಲ. ನೋಂದಣಿ 2029ರವರೆಗೆ ಇದೆ. ನೋಟ್‌ಬುಕ್ ಮುಂದುವರಿದಿದೆ, ಈಗ ಅದನ್ನು ಬರೆಯುವುದು ಮಗಳು. ಕಳೆದ ಮಳೆಗಾಲದ ಪುಟದಲ್ಲಿ ಅವಳ ಕೈಬರಹದಲ್ಲಿ ಒಂದು ಸಾಲಿದೆ: "ದಾದಿ ಮುಂದಿನ ಸೀಟು. ತೋಟಕ್ಕೆ. ಲಿವರ್ ಎಳೆದದ್ದು ನಾನು."